ಕರ್ನಲ್‌ನಲ್ಲಿ ಮೆಮೊರಿ ಕೇಳುವ ಅದೇ ಮೂರು ಸಾಲು ಎಲ್ಲೆಲ್ಲೂ ಇವೆ: ಒಗ್ಗೂಡಿಸುವುದು ಎಲ್ಲಿಂದ?

ಹೊಸಪುಟ, ಗೋಣಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಅಂತಿಮ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ರಿಸ್ಕ್-ಫೈವ್ ಪ್ರೊಸೆಸರ್ ಆವೃತ್ತಿಯನ್ನು ತೆಗೆದುಕೊಂಡು, ಅದಕ್ಕೆ ಒಂದು ನೆಟ್‌ವರ್ಕ್ ಡ್ರೈವರನ್ನೂ ಪೇಜಿಗಿಂತ (4096 ಬೈಟ್‌ಗಳ ಮೆಮೊರಿ ತುಂಡಿಗಿಂತ) ಚಿಕ್ಕ ತುಣುಕುಗಳನ್ನು ಕೊಡುವ ಒಂದು ಅಲೊಕೇಟರನ್ನೂ ಸೇರಿಸುವುದು ನಮ್ಮ ಪ್ರಾಜೆಕ್ಟ್.

ಕೆಲಸ ಮುಂದುವರಿದಂತೆ ಒಂದು ವಿಷಯ ಕಣ್ಣಿಗೆ ಚುಚ್ಚತೊಡಗಿತು. ಕೆ-ಅಲಾಕ್ ಫಂಕ್ಷನ್ ಕರೆದು ಒಂದು ಪೇಜ್ ಪಡೆಯುವುದು, ಬಂದ ಪಾಯಿಂಟರ್ (ಪೇಜಿನ ವಿಳಾಸ) ಸೊನ್ನೆಯೇ, ಅಂದರೆ ಪೇಜ್ ಸಿಗಲಿಲ್ಲವೇ ಎಂದು ನೋಡುವುದು, ಮೆಮ್‌ಸೆಟ್‌ನಿಂದ ಆ 4096 ಬೈಟ್‌ಗಳನ್ನೂ ಸೊನ್ನೆ ಮಾಡುವುದು: ಈ ಮೂರು ಸಾಲುಗಳು ಸ್ವಲ್ಪ ಸ್ವಲ್ಪ ವ್ಯತ್ಯಾಸದೊಂದಿಗೆ ನಮ್ಮ ಕೋಡಿನಲ್ಲಿ 18 ಕಡೆ ಇವೆ. ಅವುಗಳಲ್ಲಿ 5 ನಾವೇ ಬರೆದವು. ಇವನ್ನೆಲ್ಲ ಒಂದೇ ಫಂಕ್ಷನ್‌ಗೆ ತಂದು, ಅದಕ್ಕೆ ಎರಡು ಆರ್ಗ್ಯುಮೆಂಟ್ ಇಟ್ಟೆವು. ಪೇಜನ್ನು ಸೊನ್ನೆ ಮಾಡಬೇಕೇ ಎಂಬುದು ಮೊದಲನೆಯದು, ಪೇಜ್ ಸಿಗದಿದ್ದರೆ ಪ್ಯಾನಿಕ್ ಆಗಬೇಕೇ, ಅಂದರೆ ಕರ್ನಲ್ ಸಂದೇಶ ಕೊಟ್ಟು ಅಲ್ಲೇ ನಿಂತುಬಿಡಬೇಕೇ ಎಂಬುದು ಎರಡನೆಯದು. ಹಳೆಯ ಸಾಲುಗಳನ್ನು ಅಳಿಸಿ ಹೊಸ ಕರೆಗಳನ್ನು ಹಾಕಲು ಒಂದು ಗಂಟೆಯೂ ಹಿಡಿಯಲಿಲ್ಲ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಆದರೆ ಕೆಮು ಎಂಬ ಯಂತ್ರಾನುಕರಣ ತಂತ್ರಾಂಶದಲ್ಲಿ ಬೂಟ್ ಮಾಡಿದರೆ ಮೊದಲ ಪ್ರೊಸೆಸ್ ಏಳುವ ಮುನ್ನವೇ ಕರ್ನಲ್‌ಟ್ರ್ಯಾಪ್ ಪ್ಯಾನಿಕ್ ಬರುತ್ತದೆ, ಎಸ್‌ಕಾಸ್ 13 ಎಂದು ತೋರಿಸುತ್ತದೆ.

ಎರಡು ಪ್ರಶ್ನೆಗಳಿವೆ. ಈ ಪ್ಯಾನಿಕ್ ಎಲ್ಲಿಂದ ಬರುತ್ತಿದೆ? ಅದಕ್ಕಿಂತ ಮುಖ್ಯವಾಗಿ, ನಾವು ಹಿಡಿದ ದಾರಿಯೇ ತಪ್ಪೇ? ಮೂರು ದಿನಗಳಿಂದ ಬಿಡದೆ ಮಳೆ ಸುರಿಯುತ್ತಿರುವುದರಿಂದ ಕರೆಂಟ್ ಬಂದಾಗ ಮಾತ್ರ ಉತ್ತರಿಸುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ.

ಮೇಷ್ಟ್ರು, ಕುಶಾಲನಗರ

ಎಸ್‌ಕಾಸ್ 13 ಎಂದರೆ ಓದಲು ಹೋದ ವಿಳಾಸಕ್ಕೆ ಪೇಜ್ ಇಲ್ಲ ಎಂದರ್ಥ. ಅದೇ ಸಾಲಿನಲ್ಲಿ ಎಸ್‌ಟಿವಾಲ್ ಎಂಬ ಇನ್ನೊಂದು ಸಂಖ್ಯೆಯೂ (ಓದಲು ಹೋದ ಆ ವಿಳಾಸ) ಮುದ್ರಣವಾಗಿರುತ್ತದೆ, ಅದನ್ನು ನೀವು ಬರೆಯಲಿಲ್ಲ. ನನ್ನ ಊಹೆ ಸರಿಯಾಗಿದ್ದರೆ ಅದು ಹೆಕ್ಸಾಡೆಸಿಮಲ್‌ನಲ್ಲಿ 14 14 14 ಎಂದು ಸಾಲಾಗಿ ಬಂದು, ಎಫ್‌ಎಫ್8 ಎಂದು ಮುಗಿಯಬೇಕು. ನೋಡಿ ಹೇಳಿ.

ಹೊಸಪುಟ, ಗೋಣಿಕೊಪ್ಪ

ಮೇಷ್ಟ್ರೇ, ಅಕ್ಷರಶಃ ಅದೇ ಇದೆ! 1414141414141 ಆದ ಮೇಲೆ ಎಫ್‌ಎಫ್8. ನಮ್ಮ ಕೋಡ್ ನೋಡದೆಯೇ ಹೇಗೆ ಹೇಳಿದಿರಿ?

ಮೇಷ್ಟ್ರು, ಕುಶಾಲನಗರ

ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಎಕ್ಸ್‌ವಿ6ರ ಕೆ-ಅಲಾಕ್ ಒಂದು ಪೇಜ್ ಕೊಡುವ ಮುನ್ನ ಅದರ ಪ್ರತಿ ಬೈಟಿಗೂ 5 ಎಂಬ ಕಸವನ್ನು ತುಂಬುತ್ತದೆ. ಕೆ-ಫ್ರೀ ಹಿಂದಕ್ಕೆ ಪಡೆದ ಪೇಜಿಗೆ 1 ತುಂಬುತ್ತದೆ. ಸೊನ್ನೆ ಮಾಡದ ಪೇಜನ್ನು ಯಾರಾದರೂ ನೆಚ್ಚಿಕೊಂಡರೆ ದೋಷ ಅಡಗಿ ಕೂರದೆ ಬೇಗ ಹೊರಬೀಳಲಿ ಎಂಬುದೇ ಅದರ ಉದ್ದೇಶ.

ಈಗ ಆ ಪೇಜನ್ನು ಸೊನ್ನೆ ಮಾಡದೆ ಪೇಜ್ ಟೇಬಲ್ (ಯಾವ ವಿಳಾಸ ಯಾವ ಪೇಜಿಗೆ ಸೇರಿದ್ದೆಂಬ ಪಟ್ಟಿ) ಎಂದು ಬಳಸಿದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಪ್ರತಿ ನಮೂದೂ 8 ಬೈಟ್, ಎಂಟರಲ್ಲೂ 05. 5 ಎಂಬುದನ್ನು ಬೈನರಿಯಲ್ಲಿ ಬರೆದರೆ 101, ಅಂದರೆ ಕೊನೆಯ ಬಿಟ್ 1. ರಿಸ್ಕ್-ಫೈವ್ ಪೇಜ್ ಟೇಬಲ್‌ನಲ್ಲಿ ಆ ಕೊನೆಯ ಬಿಟ್ಟೇ 'ಈ ನಮೂದು ಸಿಂಧು' ಎಂದು ಹೇಳುವ ಬಿಟ್. ಹೀಗಾಗಿ 512 ನಮೂದುಗಳೂ ತಾವು ಸಿಂಧು ಎಂದು ಹೇಳಿಕೊಂಡು ನಿಲ್ಲುತ್ತವೆ. ಈ ಟೇಬಲ್‌ಗಳಲ್ಲಿ ವಿಳಾಸ ಹುಡುಕುವ ವಾಕ್ ಫಂಕ್ಷನ್ ಅದನ್ನು ನಂಬಿ, ನಮೂದನ್ನು 10 ಬಿಟ್ ಬಲಕ್ಕೆ, ಆಮೇಲೆ 12 ಬಿಟ್ ಎಡಕ್ಕೆ ಸರಿಸಿ ಮುಂದಿನ ಟೇಬಲ್‌ನ ವಿಳಾಸವನ್ನು ಪಡೆಯುತ್ತದೆ. 05 05 05 ಎಂಬುದನ್ನು ಹಾಗೆ ಸರಿಸಿದಾಗ ಸಿಗುವುದೇ 1414141414141000. ಪ್ರೊಸೆಸ್‌ನಿಂದ ಕರ್ನಲ್‌ಗೆ ದಾಟಿಸುವ ಕೋಡಿರುವ ಟ್ರ್ಯಾಂಪೊಲೀನ್ ಪೇಜ್ ವಿಳಾಸ ವಲಯದ ತುತ್ತತುದಿಯಲ್ಲಿರುವುದರಿಂದ ಅಲ್ಲಿ 511ನೆಯ ನಮೂದನ್ನು ಓದಬೇಕು. 511ನ್ನು 8ರಿಂದ ಗುಣಿಸಿದರೆ 4088, ಹೆಕ್ಸಾಡೆಸಿಮಲ್‌ನಲ್ಲಿ ಎಫ್‌ಎಫ್8.

ಹೊಸ ಪ್ರೊಸೆಸ್‌ನ ಮೂಲ ಪೇಜ್ ಟೇಬಲನ್ನು ಸೃಷ್ಟಿಸುವ ಯುವಿಎಂ-ಕ್ರಿಯೇಟ್‌ನಲ್ಲಿ ನಿಮ್ಮ ಮೊದಲ ಆರ್ಗ್ಯುಮೆಂಟ್ ತಪ್ಪಾಗಿದೆ. ಅದೇ ತಪ್ಪು ವಾಕ್ ಒಳಗೆ ಆಗಿದ್ದರೆ, ಇಂಥ ದೋಷಗಳನ್ನು ಹಿಡಿಯುವ ಟ್ರ್ಯಾಪ್ ವ್ಯವಸ್ಥೆ ಸಿದ್ಧವಾಗುವ ಮೊದಲೇ ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು, ಈ ಸಂದೇಶವೂ ಸಿಗುತ್ತಿರಲಿಲ್ಲ. ಆ ಮಟ್ಟಿಗೆ ನೀವು ಅದೃಷ್ಟವಂತರು.

ಹೊಸಪುಟ, ಗೋಣಿಕೊಪ್ಪ

ಹೌದು ಮೇಷ್ಟ್ರೇ, ಅಲ್ಲಿ 1, 0 ಎಂದು ಕೊಡಬೇಕಾದ ಕಡೆ 0, 1 ಎಂದು ಕೊಟ್ಟಿದ್ದೆವು. ಸರಿಪಡಿಸಿದ ಮೇಲೆ ಬೂಟ್ ಆಯಿತು, ಶೆಲ್ ಬಂತು. ಆದರೂ ಎರಡನೆಯ ಪ್ರಶ್ನೆ ಉಳಿದೇ ಇದೆ.

ರೈಟರ್ ಮಗ, ಸಿದ್ದಾಪುರ

ತಮ್ಮಾ, ಬೂಟ್ ಆಯಿತೆಂದು ನಿಲ್ಲಿಸಬೇಡ. 0, 1 ಎಂದು ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೂ ಕಂಪೈಲರ್ ಸುಮ್ಮನಿರುತ್ತದೆ ಎಂಬುದನ್ನು ನೀನೇ ಈಗ ಕಂಡಿದ್ದೀಯ. ಆ ಸಹಾಯಕ ಫಂಕ್ಷನ್‌ನ ಒಳಗಿನ ಕೋಡಿನಲ್ಲಿ ದೋಷವಿಲ್ಲ, ಅದರ ಆಕಾರದಲ್ಲೇ ದೋಷವಿದೆ.

ನಾನು ಲಿನಕ್ಸ್ ಡ್ರೈವರ್‌ಗಳ ಮೇಲೆ ಮನೆಯಿಂದಲೇ ಕೆಲಸ ಮಾಡುವವನು. ನನ್ನ ತಂದೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರಾಗಿದ್ದರು. ಆ ತೋಟದಲ್ಲಿ ಮೂರು ವಿಭಾಗ, ಮೂವರು ರೈಟರ್‌ಗಳು, ಗೋಣಿಚೀಲದ ಮೂರು ಲೆಕ್ಕದ ಪುಸ್ತಕ. ಬೆಳಗ್ಗೆ ಚೀಲ ಕೊಟ್ಟದ್ದು ಎಷ್ಟು, ಸಂಜೆ ಹಿಂದಕ್ಕೆ ಬಂದದ್ದು ಎಷ್ಟು ಎಂದು ಮೂರರಲ್ಲೂ ಒಂದೇ ಬಗೆಯ ಬರಹ. ಒಂದು ವರ್ಷ ಮಾಲೀಕರು ಮೂರನ್ನೂ ಒಂದೇ ಪುಸ್ತಕ ಮಾಡಿಸಿದರು. ಆದರೆ ಒಂದು ವಿಭಾಗದ ಚೀಲ ಹೋಗುತ್ತಿದ್ದದ್ದು ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣಗಿದ ಕಾಫಿ ಬೀಜ) ತುಂಬಲು, ಇನ್ನೊಂದರದ್ದು ಗೊಬ್ಬರ ಹೊರಲು. ಹಳೆಯ ಪುಸ್ತಕಗಳಲ್ಲಿ ಎಲ್ಲೂ ಬರೆದಿರದಿದ್ದರೂ, ಪಾರ್ಚ್‌ಮೆಂಟಿನ ರೈಟರ್ ತನ್ನ ಚೀಲಗಳನ್ನು ಒಗೆಸಿ ಒಣಗಿಸಿಯೇ ಕೊಡುತ್ತಿದ್ದರು, ಏಕೆಂದರೆ ಕಾಫಿ ಬೇಗ ವಾಸನೆ ಹಿಡಿಯುತ್ತದೆ. ಪುಸ್ತಕ ಒಂದಾದ ಮೇಲೆ ಆ ಅಲಿಖಿತ ನಿಯಮ ಯಾರ ಪಾಲಿಗೂ ಬರಲಿಲ್ಲ. ಆ ಸಲ ಮನೆಯಲ್ಲಿ ತಂದೆಯವರ ಮುಖ ಹೇಗಿತ್ತೆಂದು ನನಗೆ ಇನ್ನೂ ನೆನಪಿದೆ.

ನಿನ್ನ 18 ಜಾಗಗಳೂ ಹಾಗೆಯೇ. ನೋಡಲು ಒಂದೇ ಬರಹ, ಆದರೆ ಪ್ರತಿಯೊಂದೂ ಬೇರೆ ಬೇರೆ ಮಾತು ಕೊಟ್ಟಿರುತ್ತದೆ. ಹಾಗಾಗಿ ಪೇಜ್ ಕೇಳುವ ಸಾಲನ್ನು ನೋಡುವುದನ್ನು ಬಿಟ್ಟು, ಪೇಜ್ ಸಿಗದೇ ಹೋದಾಗ ಏನಾಗುತ್ತದೆ ಎಂಬ ಸಾಲನ್ನು ಮೊದಲು ನೋಡು. ಮೂಲ ಎಕ್ಸ್‌ವಿ6ರಲ್ಲೇ ಎಷ್ಟು ಬಗೆಗಳಿವೆ ಎಂದು ಗಮನಿಸು. ವಾಕ್ ಸುಮ್ಮನೆ 0 ಹಿಂದಿರುಗಿಸುತ್ತದೆ. ಪ್ರೊಸೆಸ್‌ನ ಮೆಮೊರಿಯನ್ನು ಹಿಗ್ಗಿಸುವ ಯುವಿಎಂ-ಅಲಾಕ್, ಅದುವರೆಗೆ ಪಡೆದ ಪೇಜ್‌ಗಳನ್ನೆಲ್ಲ ಯುವಿಎಂ-ಡೀಅಲಾಕ್ ಮೂಲಕ ಹಿಂದಕ್ಕೆ ಕೊಟ್ಟು ಆಮೇಲೆ 0 ಹಿಂದಿರುಗಿಸುತ್ತದೆ. ಹೊಸ ಪ್ರೊಸೆಸ್‌ಗೆ ಜಾಗ ಮಾಡುವ ಅಲಾಕ್-ಪ್ರಾಕ್‌ನಲ್ಲಿ ಟ್ರ್ಯಾಪ್‌ಫ್ರೇಮ್‌ಗೆ (ಪ್ರೊಸೆಸ್‌ನ ರಿಜಿಸ್ಟರ್‌ಗಳನ್ನು ಉಳಿಸುವ ಜಾಗ) ಪೇಜ್ ಸಿಗದಿದ್ದರೆ ಪ್ರೊಸೆಸ್ ರಚನೆಯನ್ನು ಬಿಡುಗಡೆ ಮಾಡಿ, ಹಿಡಿದಿದ್ದ ಲಾಕನ್ನೂ ಬಿಡಬೇಕು. ಹೊಸ ಪ್ರೋಗ್ರಾಂ ಓಡಿಸುವ ಎಕ್ಸೆಕ್ ಸಿಸ್ಟಮ್ ಕಾಲ್ ಆರ್ಗ್ಯುಮೆಂಟ್‌ಗಳಿಗೆಂದು ಪಡೆದ ಪೇಜ್‌ಗಳನ್ನು ಒಂದೊಂದಾಗಿ ಬಿಡುತ್ತದೆ. ಕರ್ನಲ್ ಸ್ಟ್ಯಾಕ್ ಹಾಸುವಲ್ಲಿ ನೇರ ಪ್ಯಾನಿಕ್. ಕರ್ನಲ್‌ನದ್ದೇ ಪೇಜ್ ಟೇಬಲ್ ಕಟ್ಟುವ ಕೆವಿಎಂ-ಮೇಕ್‌ನಲ್ಲಂತೂ ಪರೀಕ್ಷೆಯೇ ಇಲ್ಲ, ಪಡೆದದ್ದನ್ನು ನೇರವಾಗಿ ಮೆಮ್‌ಸೆಟ್‌ಗೆ ಕೊಡುತ್ತಾರೆ, ಏಕೆಂದರೆ ಯಂತ್ರ ಈಗತಾನೆ ಎದ್ದಿದೆ, ಅಷ್ಟೂ ಮೆಮೊರಿ ಖಾಲಿ ಇದೆ.

ಒಂದೇ ಫಂಕ್ಷನ್‌ನೊಳಗೆ ಇವೆಲ್ಲ ಬರಬೇಕೆಂದರೆ ನಿನ್ನ 0, 1ರಂಥ ಫ್ಲ್ಯಾಗ್ ಮೇಲೆ ಫ್ಲ್ಯಾಗ್ ಸೇರುತ್ತ ಹೋಗುತ್ತದೆ. ಬರಬಾರದೆಂದರೆ ಯಾವುದು ನಿಜವಾಗಿ ಸಮಾನ ಎಂದು ಆರಿಸಬೇಕು. 'ಸೊನ್ನೆ ಮಾಡಿದ ಒಂದು ಪೇಜ್ ಕೊಡು, ಇಲ್ಲದಿದ್ದರೆ 0 ಕೊಡು' ಎಂಬುದು ಒಂದು ಮಾತು. 'ಬೂಟ್ ಸಮಯದಲ್ಲಿ ಕೇಳುತ್ತಿದ್ದೇನೆ, ಸಿಗದಿದ್ದರೆ ಮುಂದೆ ಹೋಗುವ ಅರ್ಥವಿಲ್ಲ' ಎಂಬುದು ಇನ್ನೊಂದು ಮಾತು. ಇವೆರಡಕ್ಕೂ ಬೇರೆ ಬೇರೆ ಹೆಸರಿನ, ಆರ್ಗ್ಯುಮೆಂಟ್ ಇಲ್ಲದ ಎರಡು ಫಂಕ್ಷನ್ ಇರಲಿ. ಉಳಿದ ಕಡೆ ಕೆ-ಅಲಾಕ್ ಇದ್ದ ಹಾಗೆಯೇ ಇರಲಿ.

ಲಿನಕ್ಸ್‌ನಲ್ಲೂ ಇದೇ ಕತೆ ನಡೆದಿದೆ. ಕೆ-ಮ್ಯಾಲಾಕ್ ಕೊಡುವುದು ಭೌತಿಕವಾಗಿ ಒಂದಕ್ಕೊಂದು ತಾಗಿಕೊಂಡಿರುವ ಮೆಮೊರಿ. ಯಂತ್ರ ಬಹಳ ದಿನ ಓಡಿದ ಮೇಲೆ ಅಂಥ ದೊಡ್ಡ ತುಂಡು ಸಿಗುವುದು ಕಷ್ಟ. ವಿ-ಮ್ಯಾಲಾಕ್ ಚದುರಿದ ಪೇಜ್‌ಗಳನ್ನು ವಾಸ್ತವಾಭಾಸಿ (ವರ್ಚುಯಲ್) ವಿಳಾಸದಲ್ಲಿ ಮಾತ್ರ ಸಾಲಾಗಿ ಜೋಡಿಸಿ ಕೊಡುತ್ತದೆ. 'ಮೊದಲು ಕೆ-ಮ್ಯಾಲಾಕ್ ಪ್ರಯತ್ನಿಸು, ಸಿಗದಿದ್ದರೆ ವಿ-ಮ್ಯಾಲಾಕ್‌ಗೆ ಹೋಗು' ಎಂಬ ನಾಲ್ಕಾರು ಸಾಲನ್ನು ಎಕ್ಸ್‌ಟ್4 ಫೈಲ್ ವ್ಯವಸ್ಥೆ ತನ್ನದೇ ಹೆಸರಿನಲ್ಲಿ, ಕೆವಿಎಂ ವರ್ಚುಯಲೈಸೇಶನ್ ತನ್ನದೇ ಹೆಸರಿನಲ್ಲಿ, ಇನ್ನೂ ಹಲವು ಉಪವ್ಯವಸ್ಥೆಗಳು ತಮ್ಮ ತಮ್ಮ ರೀತಿಯಲ್ಲಿ ಬರೆದುಕೊಂಡಿದ್ದವು. 2017ರಲ್ಲಿ 4.12 ಆವೃತ್ತಿಯಲ್ಲಿ ಮೈಕಲ್ ಹೋಕೊ ಅವನ್ನು ಕೆವಿ-ಮ್ಯಾಲಾಕ್ ಎಂಬ ಒಂದೇ ಫಂಕ್ಷನ್‌ಗೆ ತಂದರು. ಅಲ್ಲಿ ಸಾಲು ಉಳಿದದ್ದು ಚಿಕ್ಕ ಲಾಭ. ಒಂದು ಪೇಜಿಗಿಂತ ದೊಡ್ಡ ಕೋರಿಕೆಯಾದರೆ ಮೊದಲ ಪ್ರಯತ್ನ ಹೆಚ್ಚು ಹಟ ಹಿಡಿಯದೆ, ಎಚ್ಚರಿಕೆ ಸಂದೇಶ ಚೆಲ್ಲದೆ, ಬೇರೆ ಪ್ರೊಸೆಸನ್ನು ಕೊಲ್ಲುವ ಹಂತಕ್ಕೆ ಹೋಗದೆ ಬೇಗ ಕೈಚೆಲ್ಲಬೇಕು, ಏಕೆಂದರೆ ಹಿಂದೆ ವಿ-ಮ್ಯಾಲಾಕ್ ಕಾಯುತ್ತಿದೆ. ಈ ಸೂಕ್ಷ್ಮ ಅಲ್ಲಲ್ಲಿನ ನಕಲುಗಳಲ್ಲಿ ಒಂದೊಂದು ರೀತಿ ಇತ್ತು. ಒಂದು ಕಡೆ ತಂದ ಮೇಲೆ ಒಂದೇ ಸಲ ಸರಿಯಾಗಿ ಬರೆದರೆ ಸಾಕಾಯಿತು.

ಅದಕ್ಕೊಂದು ಷರತ್ತೂ ಅಂಟಿಕೊಂಡು ಬಂತು: ಹೀಗೆ ಪಡೆದದ್ದನ್ನು ಕೆವಿ-ಫ್ರೀಯಿಂದಲೇ ಬಿಡಬೇಕು. ಕೇಳುವ ಕರೆಯನ್ನು ಬದಲಿಸಿ ಬಿಡುವ ಕರೆಯನ್ನು ಮರೆತರೆ, ಚಿಕ್ಕ ಗಾತ್ರಕ್ಕೆ ಎಲ್ಲವೂ ಸರಿಯಾಗಿಯೇ ಓಡಿ, ಎಂದೋ ಒಂದು ದಿನ ಮೆಮೊರಿ ಬಿಗಿಯಾದಾಗ ಕೆ-ಫ್ರೀಯ ಕೈಗೆ ವಿ-ಮ್ಯಾಲಾಕ್ ವಿಳಾಸ ಸಿಕ್ಕಿ ಯಂತ್ರ ಬೀಳುತ್ತದೆ.

ಮಳೆಗಾಲ, ಭಾಗಮಂಡಲ

ನನ್ನದು ವಿರೋಧದ ದನಿ, ಬೇಸರಿಸಬೇಡಿ. ಮೂರು ಸಾಲುಗಳ ಕೋಡನ್ನು ಉಳಿಸಲು ಎರಡು ಹೊಸ ಫಂಕ್ಷನ್, ಅವುಗಳ ಹೆಸರು, ಯಾವುದನ್ನು ಎಲ್ಲಿ ಕರೆಯಬೇಕೆಂಬ ನಿಯಮ, ಹೊಸಬರಿಗೆ ಅದರ ಪಾಠ. ಇದು ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಾಗಲಿಲ್ಲವೇ? ಎಕ್ಸ್‌ವಿ6 ಓದಲೆಂದೇ ಬರೆದ ಕರ್ನಲ್. ಕೆ-ಅಲಾಕ್, ಪರೀಕ್ಷೆ, ಮೆಮ್‌ಸೆಟ್ ಎಂದು ಮೂರೂ ಕಣ್ಣೆದುರೇ ಇದ್ದರೆ ಓದುವವನು ಬೇರೆ ಫೈಲ್ ತೆರೆಯಬೇಕಾಗಿಲ್ಲ.

ಇನ್ನೊಂದು ವಿಷಯ. ಎಲ್ಲರಿಗೂ ಸೊನ್ನೆ ಮಾಡಿದ ಪೇಜನ್ನೇ ಕೊಟ್ಟುಬಿಡೋಣ, ಜಗಳವೇ ಬೇಡ ಎಂದು ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಫೋರ್ಕ್ ಮಾಡುವಾಗ (ಒಂದು ಪ್ರೊಸೆಸ್‌ನಿಂದ ಅದರ ಪ್ರತಿ ಹುಟ್ಟುವಾಗ) ತಂದೆ ಪ್ರೊಸೆಸ್‌ನ ಪ್ರತಿ ಪೇಜನ್ನೂ ಯುವಿಎಂ-ಕಾಪಿ ಹೊಸ ಪೇಜಿಗೆ ನಕಲು ಮಾಡುತ್ತದೆ. ಆ ಹೊಸ ಪೇಜಿನ 4096 ಬೈಟ್‌ಗಳೂ ಮರುಕ್ಷಣವೇ ತುಂಬಿಹೋಗುತ್ತವೆ. ಅದನ್ನು ಮೊದಲು ಸೊನ್ನೆ ಮಾಡುವುದು ಬಿದ್ದ ಮಳೆಗೆ ನೀರು ಹಾಯಿಸಿದಂತೆ. ಪೈಪ್‌ನದ್ದೂ ಅಷ್ಟೆ, ಅದರ ಕ್ಷೇತ್ರಗಳಿಗೆ ಒಂದೊಂದಾಗಿ ಬೆಲೆ ಕೊಡಲಾಗುತ್ತದೆ. ಅಲ್ಲಿ ಸೊನ್ನೆ ಮಾಡಿದರೆ, ನಾಳೆ ಹೊಸ ಕ್ಷೇತ್ರ ಸೇರಿಸಿ ಅದಕ್ಕೆ ಬೆಲೆ ಕೊಡಲು ಮರೆತವನ ತಪ್ಪು 5ರ ಕಸದಿಂದ ಹೊರಬೀಳದೆ ಒಳಗೇ ಉಳಿಯುತ್ತದೆ.

ಕಣದಂಗಳ, ನಾಪೋಕ್ಲು

ಮಳೆಗಾಲದವರ ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪುವುದಿಲ್ಲ. ಮೂರು ಸಾಲು ಎಂದು ಹಗುರವಾಗಿ ಕಂಡರೂ, ಅದೇ ಸಾಲಿನಲ್ಲಿ ಒಂದು ಗುಣಾಕಾರ ಸೇರಿದಾಗ ಏನಾಯಿತು ಎಂದು ನೋಡಿ.

ಲಿನಕ್ಸ್‌ನಲ್ಲಿ ಇಷ್ಟು ಸಂಖ್ಯೆಯ ವಸ್ತುಗಳಿಗೆ ಜಾಗ ಬೇಕೆಂದಾಗ ಸಂಖ್ಯೆಯನ್ನು ಗಾತ್ರದಿಂದ ಗುಣಿಸಿ ಕೆ-ಮ್ಯಾಲಾಕ್‌ಗೆ ಕೊಡುವ ರೂಢಿ ಎಲ್ಲೆಡೆ ಇತ್ತು. ಒಂದು ವಸ್ತು 16 ಬೈಟ್, ಹೊರಗಿನಿಂದ ಬಂದ ಸಂಖ್ಯೆ 26,84,35,457 ಎಂದುಕೊಳ್ಳಿ. ಗುಣಲಬ್ಧ 4,29,49,67,312. 32 ಬಿಟ್‌ನಲ್ಲಿ ಅದು ಹಿಡಿಸದೆ ಸುತ್ತಿಬಂದು ಬರೀ 16 ಆಗುತ್ತದೆ. ಕರ್ನಲ್ 16 ಬೈಟ್ ಕೊಡುತ್ತದೆ, ಪಾಯಿಂಟರ್ ಸೊನ್ನೆಯಲ್ಲ, ಪರೀಕ್ಷೆ ಪಾಸು. ಆಮೇಲೆ ಕೋಟಿಗಟ್ಟಲೆ ವಸ್ತುಗಳನ್ನು ಬರೆಯಲು ಹೊರಟ ಲೂಪ್ ಅಕ್ಕಪಕ್ಕದವರ ಮೆಮೊರಿಯನ್ನೆಲ್ಲ ತುಳಿಯುತ್ತ ಹೋಗುತ್ತದೆ. ಸಂಖ್ಯೆಯನ್ನೂ ಗಾತ್ರವನ್ನೂ ಬೇರೆ ಬೇರೆ ಪಡೆದು, ಗುಣಲಬ್ಧ ಮೀರಿದರೆ ಸೊನ್ನೆ ಹಿಂದಿರುಗಿಸುವ ಫಂಕ್ಷನ್‌ಗಳು ಮೊದಲೇ ಇದ್ದವು. ಇದ್ದರೂ ಜನ ಹಳೆಯ ಸಾಲನ್ನೇ ನಕಲು ಮಾಡುತ್ತಿದ್ದರು. 2018ರಲ್ಲಿ 4.18 ಆವೃತ್ತಿಗೆ ಕೀಸ್ ಕುಕ್ ಅವರು ಇಡೀ ಕರ್ನಲ್‌ನಲ್ಲಿ ಅಂಥ ಗುಣಾಕಾರಗಳನ್ನು ಹುಡುಕಿಸಿ ಬದಲಾಯಿಸಿದರು.

ಅದನ್ನು ಕೈಯಿಂದ ಮಾಡಲಿಲ್ಲ ಎಂಬುದು ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಸಂಗತಿ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದ ಕಾಕ್ಸಿನೆಲ್ ಎಂಬ ಉಪಕರಣವಿದೆ. ಅದು ಅಕ್ಷರಗಳನ್ನು ಹುಡುಕುವುದಿಲ್ಲ, ಸಿ ಭಾಷೆಯ ರಚನೆಯನ್ನು ಅರಿತು ಹುಡುಕುತ್ತದೆ. ಕೆ-ಮ್ಯಾಲಾಕ್ ಆದ ಮೇಲೆ ಅದೇ ಪಾಯಿಂಟರಿಗೆ, ಅದೇ ಗಾತ್ರಕ್ಕೆ ಮೆಮ್‌ಸೆಟ್ ಸೊನ್ನೆ ಬಂದರೆ ಎರಡನ್ನೂ ಸೇರಿಸಿ, ಸೊನ್ನೆ ಮಾಡಿಯೇ ಕೊಡುವ ಕೆ-ಜೆಡ್‌ಅಲಾಕ್ ಮಾಡು ಎಂಬ ನಿಯಮ ಲಿನಕ್ಸ್ ಮೂಲದ ಜೊತೆಗೇ ಬರುತ್ತದೆ. ನಡುವೆ ಖಾಲಿ ಸಾಲು ಇದ್ದರೂ, ಪರೀಕ್ಷೆ ಬೇರೆ ಶೈಲಿಯಲ್ಲಿದ್ದರೂ ಅದು ಹಿಡಿಯುತ್ತದೆ. ನಿಮ್ಮ 18 ಜಾಗಕ್ಕೆ ಅದು ಬೇಕಿಲ್ಲದಿರಬಹುದು. ಆದರೆ ಒಮ್ಮೆ ಓಡಿಸಿ ನೋಡಿ, ನೀವು ಎಣಿಸದೆ ಬಿಟ್ಟ ಹತ್ತೊಂಬತ್ತನೆಯದು ಸಿಕ್ಕರೂ ಸಿಗಬಹುದು.

ಮೇಷ್ಟ್ರು, ಕುಶಾಲನಗರ

ಓದುವವನಿಗೆ ಮೂರೂ ಸಾಲು ಕಣ್ಣೆದುರಿರಲಿ ಎಂಬ ಮಳೆಗಾಲದವರ ಮಾತಿನಲ್ಲಿ ತೂಕವಿದೆ. ತರಗತಿಯಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಒಂದು ತಾಂತ್ರಿಕ ಲಾಭ ಮರೆಯಾಗಬಾರದು. ಈಗ ಸೊನ್ನೆ ಪೇಜ್ ಬೇಕಾದವನಿಗಾಗಿ ಕರ್ನಲ್ 4096 ಬೈಟ್‌ಗಳನ್ನು ಎರಡು ಸಲ ಬರೆಯುತ್ತಿದೆ. ಕೆ-ಅಲಾಕ್ ಒಳಗೆ 5 ಒಂದು ಸಲ, ಹೊರಗೆ ಸೊನ್ನೆ ಇನ್ನೊಂದು ಸಲ. ಸೊನ್ನೆ ಪೇಜ್ ಕೊಡುವ ಫಂಕ್ಷನ್ ಕೆ-ಅಲಾಕ್ ಇರುವ ಫೈಲಿನಲ್ಲೇ ಇದ್ದರೆ ಮೊದಲನೆಯ ಬರಹವನ್ನು ಬಿಟ್ಟುಬಿಡಬಹುದು. ಹೊರಗೆ 18 ನಕಲು ಇರುವವರೆಗೆ ಅದು ಸಾಧ್ಯವಿಲ್ಲ.

ಆತುರ ಬೇಡ ಎಂಬುದಕ್ಕೆ ಲಿನಕ್ಸ್‌ನದ್ದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಚಿಕ್ಕ ವಸ್ತುಗಳಿಗೆ ಮೆಮೊರಿ ಕೊಡುವ ಸ್ಲ್ಯಾಬ್ ಎಂಬ ವಿಧಾನವನ್ನು ಜೆಫ್ ಬಾನ್‌ವಿಕ್ 1994ರಲ್ಲಿ ಸನ್‌ಓಎಸ್ 5.4ರ ಸಂದರ್ಭದಲ್ಲಿ ವಿವರಿಸಿದರು. ಒಂದೇ ಬಗೆಯ ವಸ್ತುವನ್ನು ಮತ್ತೆ ಮತ್ತೆ ಕೊಟ್ಟು ಪಡೆಯುವಾಗ ಅದನ್ನು ಪ್ರತಿ ಸಲವೂ ಹೊಸದಾಗಿ ಸಜ್ಜುಗೊಳಿಸುವ ಶ್ರಮ ಉಳಿಯಲಿ ಎಂಬುದು ಅದರ ತಿರುಳು. ಲಿನಕ್ಸ್‌ನಲ್ಲಿ ಇದರ ಮೂರು ರೂಪಗಳು ಬಹುಕಾಲ ಒಟ್ಟಿಗಿದ್ದವು: ಹಳೆಯ ಸ್ಲ್ಯಾಬ್, ಪುಟ್ಟ ಯಂತ್ರಗಳಿಗೆಂದು ಸ್ಲಾಬ್, 2007ರಲ್ಲಿ ಬಂದ ಸ್ಲಬ್. ಮೂರಕ್ಕೂ ಸಮಾನವಾದ ಕೋಡನ್ನು ಬೇರೆ ಫೈಲಿಗೆ ತರುವ ಕೆಲಸ 2012ರಲ್ಲಿ ಕ್ರಿಸ್ಟೋಫ್ ಲ್ಯಾಮೀಟರ್ ಅವರಿಂದ ಆರಂಭವಾಯಿತು. ಸ್ಲಾಬ್ ಹೋದದ್ದು 2023ರಲ್ಲಿ, 6.4 ಆವೃತ್ತಿಯಲ್ಲಿ. ಹಳೆಯ ಸ್ಲ್ಯಾಬ್ ಹೋದದ್ದು 2024ರಲ್ಲಿ, 6.8ರಲ್ಲಿ. ಸಮಾನವಾದದ್ದನ್ನು ಮೊದಲು ಹೊರತೆಗೆದು, ಉಳಿದ ವ್ಯತ್ಯಾಸ ಯಾರಿಗೆ ಬೇಕು ಎಂದು ಕೇಳುತ್ತ ಹೋದದ್ದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಸ್ಲಾಬ್ ಹೋದ ಮೇಲೆ ಸಿಕ್ಕ ಒಂದು ಸೌಲಭ್ಯ ನನಗೆ ಬಹಳ ಇಷ್ಟ. ಪ್ರತ್ಯೇಕ ಕ್ಯಾಶ್‌ನಿಂದ (ಒಂದೇ ಬಗೆಯ ವಸ್ತುಗಳ ದಾಸ್ತಾನಿನಿಂದ) ಪಡೆದ ವಸ್ತುವನ್ನು ಆ ಕ್ಯಾಶ್‌ನ ಹೆಸರು ಹೇಳಿಯೇ ಹಿಂದಿರುಗಿಸಬೇಕಿತ್ತು, ಏಕೆಂದರೆ ಸ್ಲಾಬ್ ಅಂಥ ವಸ್ತುವಿನ ಗಾತ್ರವನ್ನು ಅದರ ಜೊತೆ ಬರೆದಿಡುತ್ತಿರಲಿಲ್ಲ. ಅದು ಹೋದ ನಂತರ ಸಾದಾ ಕೆ-ಫ್ರೀಯೇ ಸಾಕಾಯಿತು. ಕೇಳುವ ಕಡೆ ಒಗ್ಗೂಡಿಸಿದ ಫಲ ಬಿಡುವ ಕಡೆ ದೊರೆಯಿತು.

ಹೊಸಪುಟ, ಗೋಣಿಕೊಪ್ಪ

ಎಲ್ಲರ ಸಲಹೆಯಂತೆ ಫ್ಲ್ಯಾಗ್‌ಗಳ ಫಂಕ್ಷನ್ ತೆಗೆದುಹಾಕಿ, ಪ್ರತಿ ಜಾಗದ ಸೋಲಿನ ದಾರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಕುಳಿತೆವು. ಬರೆಯುವಾಗಲೇ ಒಂದು ದೋಷ ಸಿಕ್ಕಿತು.

ನಮ್ಮ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ತೆರೆಯುವ ಫಂಕ್ಷನ್ ಡಿಸ್ಕ್ ಡ್ರೈವರಿನ ಆರಂಭದ ಕೋಡನ್ನು ನೋಡಿ ಬರೆದದ್ದು. ಅಲ್ಲಿ ಮೂರು ಸಲ ಕೆ-ಅಲಾಕ್ ಕರೆದು, ಮೂರರಲ್ಲಿ ಯಾವುದು ಸಿಗದಿದ್ದರೂ ಪ್ಯಾನಿಕ್ ಮಾಡುತ್ತಾರೆ. ನಾವು ಪ್ಯಾನಿಕ್ ಬೇಡವೆಂದು ಆ ಜಾಗದಲ್ಲಿ -1 ಹಿಂದಿರುಗಿಸಿದ್ದೆವು. ಅಂದರೆ ಮೂರನೆಯ ಪೇಜ್ ಸಿಗದಿದ್ದಾಗ ಮೊದಲ ಎರಡು ಯಾರಿಗೂ ಸೇರದೆ ಉಳಿಯುತ್ತವೆ. ಖಚಿತಪಡಿಸಿಕೊಳ್ಳಲು, ಪ್ರತಿ ಮೂರನೆಯ ಕರೆಗೆ ಕೆ-ಅಲಾಕ್ ಬೇಕೆಂದೇ 0 ಕೊಡುವಂತೆ ಮಾಡಿ, ಎಕ್ಸ್‌ವಿ6ರ ಪರೀಕ್ಷಾ ಪ್ರೋಗ್ರಾಂ ಆದ ಯೂಸರ್‌ಟೆಸ್ಟ್ಸ್‌ಗೆ ಸಾಕೆಟ್ ಪರೀಕ್ಷೆಯೊಂದನ್ನು ಸೇರಿಸಿ ಓಡಿಸಿದೆವು. ಪರೀಕ್ಷೆಯ ಮೊದಲು ಮತ್ತು ನಂತರ ಅದು ಖಾಲಿ ಪೇಜ್‌ಗಳನ್ನು ಎಣಿಸುವುದರಿಂದ, ಕೊನೆಯಲ್ಲಿ ಕೆಲವು ಪೇಜ್‌ಗಳು ಕಳೆದುಹೋಗಿವೆ ಎಂದು ಸಾರಿತು. ಪ್ರತಿ ವಿಫಲ ಸಾಕೆಟ್‌ಗೂ ಎರಡೆರಡು.

ರೈಟರ್ ಮಗ, ಸಿದ್ದಾಪುರ

ನೋಟ್‌ಬುಕ್ಕಿನಲ್ಲಿ ಬರೆದದ್ದು ಒಳ್ಳೆಯದಾಯಿತು. ನಕಲು ಮಾಡಿದ್ದು ತಪ್ಪಲ್ಲ, ನಕಲಿನಲ್ಲಿ ಸೋಲಿನ ಸಾಲನ್ನು ಮಾತ್ರ ಬದಲಿಸಿದ್ದು ತಪ್ಪಾಯಿತು. ಪ್ಯಾನಿಕ್ ಆದ ಮೇಲೆ ಹಿಂದಿನದ್ದನ್ನು ಬಿಡುವ ಪ್ರಶ್ನೆಯೇ ಇಲ್ಲ, -1 ಎಂದೊಡನೆ ಆ ಹೊಣೆ ಹುಟ್ಟುತ್ತದೆ.

ಅದನ್ನು ಸರಿಪಡಿಸುವಾಗ ಪಡೆದದ್ದರ ಹಿಮ್ಮುಖ ಕ್ರಮದಲ್ಲಿ ಬಿಡು. ಫಂಕ್ಷನ್‌ನ ಕೊನೆಯಲ್ಲಿ ಬಿಡುವ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು, ಎಲ್ಲಿ ಸೋತೆವೋ ಅಲ್ಲಿಂದ ಸರಿಯಾದ ಮೆಟ್ಟಿಲಿಗೆ ಗೋಟು (ನೇರ ಜಿಗಿಯುವ ಸಿ ಆದೇಶ) ಹಾಕುವುದು ಕರ್ನಲ್‌ನವರ ರೂಢಿ. ಗೋಟು ಬಳಸಬಾರದೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ, ಅದನ್ನು ಇಲ್ಲಿಯಮಟ್ಟಿಗೆ ಮರೆತುಬಿಡು. ನೀವು ಕೈಯಿಂದ ಮಾಡಿದ 'ಮೂರನೆಯ ಕರೆಗೆ ಸೋಲು' ಉಪಾಯ ಲಿನಕ್ಸ್‌ನಲ್ಲಿ ಫೇಲ್‌ಸ್ಲ್ಯಾಬ್ ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಇದೆ. ಮೂರನೆಯದಕ್ಕಷ್ಟೇ ನಿಲ್ಲಿಸಬೇಡ. ಒಂದನೆಯದು, ಎರಡನೆಯದು ಹೀಗೆ ಪ್ರತಿ ಸ್ಥಾನಕ್ಕೂ ಒಮ್ಮೊಮ್ಮೆ ಸೋಲಿಸಿ ನೋಡು.

ಮಳೆಗಾಲ, ಭಾಗಮಂಡಲ

ದೋಷ ಸಿಕ್ಕಿದ್ದಕ್ಕೆ ಸಂತೋಷ. ಪೇಜ್‌ಗಳ ವಿಷಯದಲ್ಲಿ ನನ್ನ ವಿರೋಧ ಹಿಂತೆಗೆದುಕೊಂಡೆ, ಎರಡು ಫಂಕ್ಷನ್ ಇರಲಿ. ಆದರೆ ಚಿಕ್ಕ ತುಣುಕುಗಳ ನಿಮ್ಮ ಹೊಸ ಅಲೊಕೇಟರ್ ಬಗ್ಗೆ ಯಾರೂ ಕೇಳಲಿಲ್ಲ. ಮೆಮೊರಿ ಮುಗಿದಾಗ ಅದು ಏನು ಮಾಡುತ್ತದೆ? ಅದನ್ನು ನೆಟ್‌ವರ್ಕ್ ಇಂಟರಪ್ಟ್‌ನ (ಪ್ಯಾಕೆಟ್ ಬಂದಾಗ ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ಕೋಡಿನ) ಒಳಗಿನಿಂದಲೂ ಕರೆಯುತ್ತೀರಾ?

ಹೊಸಪುಟ, ಗೋಣಿಕೊಪ್ಪ

ಮುಗಿದಾಗ ಬೇರೆಯವರು ಬಿಡುವವರೆಗೆ ಸ್ಲೀಪ್ ಕರೆದು ಕಾಯುತ್ತದೆ. ಹೌದು, ಬಂದ ಪ್ಯಾಕೆಟ್‌ಗೆ ಜಾಗ ಕೊಡಲು ಇಂಟರಪ್ಟ್ ಒಳಗಿನಿಂದಲೂ ಕರೆಯುತ್ತೇವೆ. ಮೊದಲು ಅಲ್ಲಿ ಕಾಯದ ಇನ್ನೊಂದು ನಕಲು ಇತ್ತು. ಕಳೆದ ವಾರ ಎರಡನ್ನೂ ಒಂದು ಮಾಡಿದೆವು.

ಮಳೆಗಾಲ, ಭಾಗಮಂಡಲ

ನನ್ನ ಅನುಮಾನ ಅದೇ ಆಗಿತ್ತು. ಆ ನಕಲು ನಕಲಾಗಿರಲಿಲ್ಲ. ಎಕ್ಸ್‌ವಿ6ರ ಸ್ಲೀಪ್ ಈಗ ಓಡುತ್ತಿರುವ ಪ್ರೊಸೆಸನ್ನು ಮಲಗಿಸುತ್ತದೆ. ಇಂಟರಪ್ಟ್ ಬಂದಾಗ ಯಾವುದೋ ಪ್ರೊಸೆಸ್ ಓಡುತ್ತಿದ್ದರೆ, ಪ್ಯಾಕೆಟ್‌ಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಆ ಬಡಪಾಯಿ ಮಲಗುತ್ತದೆ. ಯಾವ ಪ್ರೊಸೆಸ್ಸೂ ಓಡದೆ ಶೆಡ್ಯೂಲರ್ ಖಾಲಿ ಕೂತಿದ್ದಾಗ ಬಂದರೆ ಪ್ರೊಸೆಸ್ ಪಾಯಿಂಟರೇ ಸೊನ್ನೆ, ಅದರ ಲಾಕ್ ಹಿಡಿಯಲು ಹೋದ ಕರ್ನಲ್ ಅಲ್ಲೇ ಬೀಳುತ್ತದೆ. ಪರೀಕ್ಷೆಯಲ್ಲಿ ಮೆಮೊರಿ ಮುಗಿಯದೆ ಇರುವುದರಿಂದ ನಿಮಗೆ ಇನ್ನೂ ಕಂಡಿಲ್ಲ, ಅಷ್ಟೆ.

ಲಿನಕ್ಸ್‌ನಲ್ಲಿ ಪ್ರತಿ ಕೋರಿಕೆಯ ಜೊತೆ ಜಿಎಫ್‌ಪಿ ಫ್ಲ್ಯಾಗ್ ಕೊಡುವುದು ಮುಖ್ಯವಾಗಿ ಈ ಕಾರಣಕ್ಕೆ. ಜಿಎಫ್‌ಪಿ-ಕರ್ನಲ್ ಎಂದರೆ ನಾನು ಕಾಯಬಲ್ಲೆ ಎಂದು, ಜಿಎಫ್‌ಪಿ-ಅಟಾಮಿಕ್ ಎಂದರೆ ನಾನು ಕಾಯಲಾರೆ, ಇದ್ದರೆ ಕೊಡು ಇಲ್ಲದಿದ್ದರೆ ಇಲ್ಲವೆನ್ನು ಎಂದು. ಕಾಯುವುದು ಮತ್ತು ಕಾಯದಿರುವುದು ಕರೆಯುವವನ ಪರಿಸ್ಥಿತಿ. ಅದನ್ನು ಅಲೊಕೇಟರ್ ಊಹಿಸಲಾಗದು.

ರೈಟರ್ ಮಗ, ಸಿದ್ದಾಪುರ

ಮಳೆಗಾಲದವರು ಹೇಳಿದ್ದು ನೂರಕ್ಕೆ ನೂರು ಸರಿ, ನನ್ನ ಕಣ್ಣಿಗೆ ಇದು ಬೀಳಲಿಲ್ಲ. ತಮ್ಮಾ, ಒಳಗೆ ಪಟ್ಟಿಯಿಂದ ತುಣುಕು ತೆಗೆಯುವ ಭಾಗ ಒಂದೇ ಇರಲಿ, ಅದು ಎಂದೂ ಕಾಯದಿರಲಿ. ಕಾಯುವ ಲೂಪ್ ಅದರ ಹೊರಗೆ, ಬೇರೆ ಹೆಸರಿನ ಫಂಕ್ಷನ್‌ನಲ್ಲಿ ಇರಲಿ. ಇಂಟರಪ್ಟ್ ಒಳಗಿನದನ್ನು ಮಾತ್ರ ಕರೆಯಲಿ, ಜಾಗ ಸಿಗದಿದ್ದರೆ ಪ್ಯಾಕೆಟನ್ನು ಬಿಸಾಡಲಿ. ಪ್ಯಾಕೆಟ್ ಹೋದರೆ, ಬೇಕಿದ್ದರೆ ಕಳುಹಿಸಿದವನು ಮತ್ತೆ ಕಳುಹಿಸಿಕೊಳ್ಳುತ್ತಾನೆ.

ಹೊಸಪುಟ, ಗೋಣಿಕೊಪ್ಪ

ಕೈಲ್‌ಪೊಳ್ದ್ ಹಬ್ಬದ ರಜೆಗೆ ಮೂವರೂ ಊರಿನಲ್ಲೇ ಇದ್ದುದರಿಂದ ಕೆಲಸ ಮುಗಿಯಿತು. ಸದ್ಯದ ಸ್ಥಿತಿ ಬರೆಯುತ್ತೇನೆ.

ವಾಕ್, ಯುವಿಎಂ-ಕ್ರಿಯೇಟ್ ಮತ್ತು ಯುವಿಎಂ-ಅಲಾಕ್ ಈಗ ಸೊನ್ನೆ ಪೇಜ್ ಕೊಡುವ ಹೊಸ ಫಂಕ್ಷನನ್ನು ಕರೆಯುತ್ತವೆ. ಅದು ಕೆ-ಅಲಾಕ್ ಇರುವ ಫೈಲಿನಲ್ಲೇ ಇದೆ, 5ರ ಕಸ ತುಂಬುವುದಿಲ್ಲ. ಕೆವಿಎಂ-ಮೇಕ್, 64 ಕರ್ನಲ್ ಸ್ಟ್ಯಾಕ್‌ಗಳ ಹಾಸು ಮತ್ತು ಡಿಸ್ಕ್ ಡ್ರೈವರಿನ ಮೂರು ಕರೆಗಳು ಬೂಟ್ ಸಮಯದ ಫಂಕ್ಷನ್‌ಗೆ ಹೋದವು. ಫೋರ್ಕ್, ಪೈಪ್, ಟ್ರ್ಯಾಪ್‌ಫ್ರೇಮ್ ಮತ್ತು ಎಕ್ಸೆಕ್ ಸಾದಾ ಕೆ-ಅಲಾಕನ್ನೇ ಬಳಸುತ್ತಿವೆ, ಅವುಗಳ ಸೋಲಿನ ದಾರಿಯನ್ನು ಮುಟ್ಟಲಿಲ್ಲ. ಸಾಕೆಟ್ ಫಂಕ್ಷನ್‌ಗೆ ಮೂರು ಮೆಟ್ಟಿಲಿನ ಗೋಟು ಬಂದಿದೆ. ಚಿಕ್ಕ ತುಣುಕುಗಳ ಅಲೊಕೇಟರನ್ನು ಹೇಳಿದಂತೆ ಕಾಯುವ ಮತ್ತು ಕಾಯದ ಎರಡು ಭಾಗ ಮಾಡಿದೆವು. ಕಾಕ್ಸಿನೆಲ್ ಓಡಿಸಿದಾಗ ನಾಪೋಕ್ಲುವಿನವರು ಹೇಳಿದ ಹತ್ತೊಂಬತ್ತನೆಯದು ನಿಜಕ್ಕೂ ಸಿಕ್ಕಿತು. ಅದು ನಮ್ಮದೇ ಪರೀಕ್ಷೆಯ ಕೋಡಿನಲ್ಲಿತ್ತು.

ಪ್ರತಿ ಸ್ಥಾನದಲ್ಲೂ ಸೋಲಿಸುವ ಪರೀಕ್ಷೆಯನ್ನು ನಿನ್ನೆ ರಾತ್ರಿ ಹಚ್ಚಿಟ್ಟು ಮಲಗಿದೆವು. ಎರಡು ಗಂಟೆಯ ಸುಮಾರಿಗೆ ಕರೆಂಟ್ ಹೋಗಿದ್ದರಿಂದ ಅರ್ಧಕ್ಕೇ ನಿಂತಿದೆ, ಅಲ್ಲಿಯವರೆಗೆ ಒಂದು ಪೇಜೂ ಕಳೆದಿಲ್ಲ. ಯುಪಿಎಸ್ ಬ್ಯಾಟರಿ ಬದಲಿಸಿ ಇಂದು ರಾತ್ರಿ ಮತ್ತೆ ಮೊದಲಿನಿಂದ ಓಡಿಸುತ್ತೇವೆ.